307ನೇ ಕಲಮಿನೊಳಗಿನ ಧರ್ಮ: ಡ್ರೂಜ್ ತತ್ವವೂ ಕಾನೂನೂ ಬೆಳೆದ ಬಗೆ

ಸಿರಿಯಾ ಸರ್ಕಾರ 1953ರಲ್ಲಿ ಹೊರಡಿಸಿದ ವೈಯಕ್ತಿಕ ಕಾನೂನಿನಲ್ಲಿ ಮುನ್ನೂರಕ್ಕೂ ಹೆಚ್ಚು ಕಲಮುಗಳಿವೆ. ಅದರ ಮುಕ್ಕಾಲುಮೂರು ವೀಸ ಪಾಲು ಸುನ್ನಿ ಇಸ್ಲಾಮಿನ ನ್ಯಾಯಪರಂಪರೆಗಳಲ್ಲೊಂದಾದ ಹನಫಿ ಶಾಸ್ತ್ರವನ್ನು ಆಧರಿಸಿದ್ದು. ಕೊನೆಯ ಹೊತ್ತಿಗೆ, ಕ್ರೈಸ್ತರಿಗೂ ಯೆಹೂದಿಗಳಿಗೂ ಅವರವರ ಧರ್ಮದ ನಿಯಮಗಳೇ ಅನ್ವಯಿಸುತ್ತವೆ ಎಂದು ಹೇಳುವ 308ನೇ ಕಲಮಿಗಿಂತ ಒಂದು ಹೆಜ್ಜೆ ಹಿಂದೆ, 307ನೇ ಕಲಮು ಬರುತ್ತದೆ. ಅದು ಸಿರಿಯಾ, ಲೆಬನಾನ್, ಇಸ್ರೇಲುಗಳಲ್ಲಿ ಬಾಳುವ ಸಣ್ಣ ಧಾರ್ಮಿಕ ಸಮುದಾಯವಾದ ಡ್ರೂಜರಿಗೆ ಮೀಸಲಾದದ್ದು, ಒಂದು ಪುಟವನ್ನೂ ತುಂಬುವುದಿಲ್ಲ. ಗಂಡಸು ಎರಡನೆಯ ಹೆಂಡತಿಯನ್ನು ಮಾಡಿಕೊಳ್ಳುವಂತಿಲ್ಲ. ವಿಚ್ಛೇದನ ನ್ಯಾಯಾಧೀಶನ ತೀರ್ಪಿನಿಂದ ಮಾತ್ರ ಆಗಬೇಕು. ಒಮ್ಮೆ ಬಿಟ್ಟ ಹೆಂಡತಿಯನ್ನು ಮತ್ತೆ ಕೂಡಿಕೊಳ್ಳುವಂತಿಲ್ಲ. ಉಯಿಲನ್ನು ಯಾರ ಹೆಸರಿಗಾದರೂ, ಮೂರನೆಯ ಒಂದು ಪಾಲನ್ನು ಮೀರಿಯೂ ಬರೆಯಬಹುದು. ಒಂದೇ ಎದೆಹಾಲು ಕುಡಿದವರು ಪರಸ್ಪರ ಮದುವೆಯಾಗಬಾರದೆಂಬ ಮುಸ್ಲಿಂ ನಿಯಮ ಇವರಿಗಿಲ್ಲ. ಹೀಗೆ ಸಾಗುವ ಕೆಲವು ಉಪಕಲಮುಗಳನ್ನು ಬಿಟ್ಟರೆ, ಮಿಕ್ಕೆಲ್ಲ ವಿಷಯದಲ್ಲಿ ಡ್ರೂಜರು ನೆರೆಯ ಮುಸ್ಲಿಮನ ಕಾನೂನಿನಡಿಯಲ್ಲೇ ಬದುಕುತ್ತಾರೆ.

2024ರ ಡಿಸೆಂಬರ್ 8ರಂದು ಬಷರ್ ಅಲ್-ಅಸದ್ ಆಡಳಿತ ಕುಸಿದ ಮೇಲೆ ಈ ಒಂದು ಪುಟದ ಹಿಂದಿರುವ ಪ್ರಶ್ನೆ ಮತ್ತೆ ಬೀದಿಗೆ ಬಂತು. 2025ರ ಮಾರ್ಚಿನಲ್ಲಿ ಹೊಸ ಸರ್ಕಾರ ಘೋಷಿಸಿದ ತಾತ್ಕಾಲಿಕ ಸಂವಿಧಾನ, ಇಸ್ಲಾಮಿಕ್ ನ್ಯಾಯಶಾಸ್ತ್ರವೇ ಶಾಸನಗಳ ಪ್ರಧಾನ ಮೂಲವೆಂದು ಹೇಳಿತು. ಧಾರ್ಮಿಕ ಪಂಗಡಗಳ ವೈಯಕ್ತಿಕ ಕಾನೂನನ್ನು ಗೌರವಿಸುವುದಾಗಿಯೂ ಅದೇ ಉಸಿರಿನಲ್ಲಿ ಮಾತು ಕೊಟ್ಟಿತು. ಏಪ್ರಿಲ್ ಕೊನೆಯಲ್ಲಿ ಡಮಾಸ್ಕಸ್ ಬಳಿಯ ಜರಮಾನಾ ಮತ್ತು ಸಹ್ನಾಯಾದಲ್ಲಿ, ಜುಲೈಯಲ್ಲಿ ದಕ್ಷಿಣದ ಸುವೈದಾ ಪ್ರಾಂತದಲ್ಲಿ ರಕ್ತ ಹರಿಯಿತು. ಸುವೈದಾದಲ್ಲಿ ಬೆದೂಯಿನ್ ಬುಡಕಟ್ಟುಗಳಿಗೂ ಡ್ರೂಜರಿಗೂ ನಡುವೆ ಹೊತ್ತಿಕೊಂಡ ಕಿಡಿ, ಸರ್ಕಾರಿ ಪಡೆಗಳು ಒಳನುಗ್ಗಿದ ಮೇಲೆ ಹತ್ಯಾಕಾಂಡವಾಗಿ ಬೆಳೆದು ಸಾವಿರಕ್ಕೂ ಹೆಚ್ಚು ಜನರನ್ನು ಬಲಿ ತೆಗೆದುಕೊಂಡಿತು. ಮುದುಕರನ್ನು ಹಿಡಿದು ಮೀಸೆ ಬೋಳಿಸುವ ವಿಡಿಯೊಗಳನ್ನು ಬೋಳಿಸಿದವರೇ ಹರಿಬಿಟ್ಟರು. ದಪ್ಪ ಮೀಸೆಯೂ ಬಿಳಿಯ ರುಮಾಲೂ ಡ್ರೂಜ್ ಹಿರಿಯರ ಗುರುತು. ಆ ಕತ್ತರಿ ಒಬ್ಬ ಮನುಷ್ಯನ ಮುಖಕ್ಕಷ್ಟೇ ಬಿದ್ದದ್ದಲ್ಲ.

ಡ್ರೂಜರು ಮುಸ್ಲಿಮರೋ ಅಲ್ಲವೋ ಎಂಬ ಪ್ರಶ್ನೆಯನ್ನು ಇಂಥ ಸಂದರ್ಭದಲ್ಲಿ ಎಲ್ಲರೂ ಕೇಳುತ್ತಾರೆ. ಅದು ಅಷ್ಟೇನೂ ಫಲ ಕೊಡುವ ಪ್ರಶ್ನೆಯಲ್ಲ ಎಂದು ನನ್ನ ಅಭಿಪ್ರಾಯ. ಇದಕ್ಕಿಂತ ಉಪಯುಕ್ತವಾದ ಪ್ರಶ್ನೆ ಬೇರೆ ಇದೆ: ಶರೀಯತ್ತನ್ನು ಬದಿಗಿಟ್ಟೇ ಹುಟ್ಟಿದ ಧರ್ಮವೊಂದು, ಹುಟ್ಟಿದ ಸುಮಾರು ಕಾಲು ಶತಮಾನದಲ್ಲಿ ತನ್ನ ಬಾಗಿಲನ್ನೂ ಗ್ರಂಥವನ್ನೂ ಮುಚ್ಚಿಕೊಂಡ ಮೇಲೆ, ಮದುವೆ ಮಾಡಿಸುವುದಕ್ಕೆ, ಆಸ್ತಿ ಹಂಚುವುದಕ್ಕೆ ಕಾನೂನನ್ನು ಎಲ್ಲಿಂದ ತಂದುಕೊಂಡಿತು?

ಕಥೆ ಶುರುವಾಗುವುದು ಕೈರೋದಲ್ಲಿ, ಫಾತಿಮಿ ಖಲೀಫರ ರಾಜಧಾನಿಯಲ್ಲಿ. 996ರಲ್ಲಿ ಹನ್ನೊಂದರ ಹರೆಯದಲ್ಲೇ ಪಟ್ಟವೇರಿದ ಅಲ್-ಹಾಕಿಮ್ ಬಿ-ಅಮ್ರಿಲ್ಲಾ ಶಿಯಾ ಇಸ್ಮಾಯಿಲಿ ಪಂಥದ ಇಮಾಮನೂ ಹೌದು, ಸಾಮ್ರಾಟನೂ ಹೌದು. ಜ್ಞಾನಮಂದಿರವೊಂದನ್ನು ಕಟ್ಟಿ ವಿದ್ವಾಂಸರಿಗೆ ಕಾಗದ, ಲೇಖನಿ, ಶಾಯಿ ಒದಗಿಸಿದವನು ಆತ. 1009ರಲ್ಲಿ ಜೆರುಸಲೇಮಿನ ಪವಿತ್ರ ಸಮಾಧಿಯ ಚರ್ಚನ್ನು ಕೆಡವಿಸಿದವನೂ ಆತ. ರಾತ್ರಿ ಹೊತ್ತು ಕತ್ತೆಯ ಮೇಲೆ ಕುಳಿತು ಊರು ಸುತ್ತುತ್ತಿದ್ದ ಈ ಅರಸನ ಬಗ್ಗೆ ಸಮಕಾಲೀನರಿಗೇ ಒಮ್ಮತ ಇರಲಿಲ್ಲ. ನಮ್ಮ ಓದುಗರಿಗೆ ಅವನ ಹೆಸರು ಪೂರ್ತಿ ಅಪರಿಚಿತವೇನಲ್ಲ. 2023ರ ಜೂನಿನಲ್ಲಿ ಪ್ರಧಾನಿ ನರೇಂದ್ರ ಮೋದಿ ಕೈರೋದಲ್ಲಿ ಭೇಟಿ ಕೊಟ್ಟದ್ದು ಇದೇ ಹಾಕಿಮನ ಹೆಸರಿನ ಮಸೀದಿಗೆ, ಮತ್ತು ಆ ಮಸೀದಿಯನ್ನು ಜೀರ್ಣೋದ್ಧಾರ ಮಾಡಿಸಿದವರು ದಾವೂದಿ ಬೋಹ್ರಾ ಸಮುದಾಯದವರು. ಬೆಂಗಳೂರಿನಲ್ಲೂ ನೆಲೆಸಿರುವ ಬೋಹ್ರಾಗಳಿಗೆ ಹಾಕಿಮ್ ಹದಿನಾರನೆಯ ಇಮಾಮ. ಪೂಜ್ಯ, ಆದರೆ ಮನುಷ್ಯ. ಡ್ರೂಜರ ಪಾಲಿಗೆ ಅವನು ಬೇರೆಯೇ. ವರ್ಣನೆಗೆ ನಿಲುಕದ ಏಕದೇವ, ಮನುಷ್ಯರ ಕಣ್ಣಿಗೆ ತೋರಲೆಂದು ತೊಟ್ಟ ಮಾನುಷ ರೂಪವೇ ಹಾಕಿಮ್. ಒಂದೇ ಸಿಂಹಾಸನದ ಮುಂದೆ ನಿಂತಿದ್ದ ಎರಡು ಪರಂಪರೆಗಳು ಇಲ್ಲಿ ಕವಲೊಡೆದವು.

ಕವಲು ಒಡೆದ ವರ್ಷ 1017. ಖುರಾಸಾನಿನ ಜೂಜನ್ ಊರಿನಿಂದ ಬಂದಿದ್ದ ಹಮ್ಜಾ ಬಿನ್ ಅಲಿ ಆ ವರ್ಷ ಹೊಸ ಕರೆಯನ್ನು ಬಹಿರಂಗಪಡಿಸಿದ. ಡ್ರೂಜರ ಧಾರ್ಮಿಕ ಶಕೆ ಎಣಿಕೆಯಾಗುವುದು ಅಲ್ಲಿಂದಲೇ. ಅದೇ ಹೊತ್ತಿಗೆ ಅದೇ ಮಾತನ್ನು ಇನ್ನಷ್ಟು ಗದ್ದಲದಿಂದ ಹೇಳುತ್ತಾ ಹೊರಟವನು ನಶ್ತಕೀನ್ ಅಲ್-ದರಜಿ. ಹಮ್ಜಾನ ಮಾತು ಮೀರಿದ ಇವನಿಂದಾಗಿ ಕೈರೋದಲ್ಲಿ ದಂಗೆಯೆದ್ದು, ಕೆಲವೇ ಕಾಲದಲ್ಲಿ ಇವನ ಕೊಲೆಯೂ ಆಯಿತು. ಡ್ರೂಜ್ ಗ್ರಂಥಗಳು ಇವನನ್ನು ದ್ರೋಹಿಯೆಂದೂ 'ಕರು'ವೆಂದೂ ಹಳಿಯುತ್ತವೆ. ಆದರೂ ಹೊರಗಿನವರ ಬಾಯಲ್ಲಿ ಸಮುದಾಯಕ್ಕೆ ಅಂಟಿದ್ದು ಇವನ ಹೆಸರೇ. ದರಜಿ ಎಂದರೆ ಪಾರ್ಸಿ ಮಾತಿನಲ್ಲಿ ಬಟ್ಟೆ ಹೊಲಿಯುವವನು. ನಾವು ದಿನವೂ ಆಡುವ ದರ್ಜಿ ಅದೇ ಪದ. ತಮ್ಮ ಪಾಲಿಗೆ ಧರ್ಮದ್ರೋಹಿಯಾದ ಒಬ್ಬನ ಅಡ್ಡಹೆಸರನ್ನು ಸಾವಿರ ವರ್ಷ ಹೊತ್ತು ತಿರುಗುವುದು ಯಾರಿಗೂ ಇಷ್ಟವಾಗದು. ಅವರು ತಮ್ಮನ್ನು ಕರೆದುಕೊಳ್ಳುವುದು 'ಮುವಹ್ಹಿದೂನ್' ಎಂದು, ಅಂದರೆ ದೇವರ ಏಕತ್ವವನ್ನು ಒಪ್ಪಿದವರು.

ಹಮ್ಜಾ ಹೇಳಿದ್ದೇನು ಎಂಬುದನ್ನು ಇಸ್ಮಾಯಿಲಿ ಚಿಂತನೆಯ ಹಿನ್ನೆಲೆಯಿಲ್ಲದೆ ಹಿಡಿಯಲಾಗದು. ಇಸ್ಮಾಯಿಲಿಗಳಿಗೆ ಧರ್ಮಗ್ರಂಥಕ್ಕೆ ಎರಡು ಪದರ: ಎಲ್ಲರ ಕಣ್ಣಿಗೂ ಕಾಣುವ 'ಜಾಹಿರ್' ಮತ್ತು ಇಮಾಮನ ಬೋಧೆಯಿಂದ ಮಾತ್ರ ತಿಳಿಯುವ 'ಬಾತಿನ್'. ನಮ್ಮಲ್ಲೂ ಜಾಹೀರು, ಜಾಹೀರಾತು ಎಂಬ ಮಾತುಗಳು ಬಂದದ್ದು ಈ ಮೊದಲ ಪದದಿಂದಲೇ. ನಮಾಜು, ಉಪವಾಸ, ಹಜ್ ಇವು ಹೊರಪದರ. ಅವುಗಳ ಗೂಢಾರ್ಥ ಒಳಪದರ. ಎರಡೂ ಬೇಕು ಎನ್ನುವುದು ಫಾತಿಮಿ ಅಧಿಕೃತ ನಿಲುವು. ಹಮ್ಜಾ ಇವೆರಡನ್ನೂ ದಾಟಿದ. ಹೊರಪದರಕ್ಕೆ ಜೋತುಬಿದ್ದ ಸುನ್ನಿಗೂ, ಒಳಪದರಕ್ಕೆ ಜೋತುಬಿದ್ದ ಇಸ್ಮಾಯಿಲಿಗೂ ಕಾಲ ಮುಗಿಯಿತು, ಈಗ ಮೂರನೆಯ ದಾರಿ ತೆರೆದಿದೆ ಎಂದ. ಅವನ ಒಂದು ಪತ್ರದ ಹೆಸರೇ 'ಗುಪ್ತ ಭಂಜನೆ' ಎಂಬ ಅರ್ಥದ್ದು. ಅದರಲ್ಲಿ ಇಸ್ಮಾಯಿಲಿ ಪಂಥದ ಏಳು ಕಂಬಗಳನ್ನು ಒಂದೊಂದಾಗಿ ಎತ್ತಿಕೊಂಡು ರದ್ದುಪಡಿಸುತ್ತಾನೆ. ಆ ಜಾಗದಲ್ಲಿ ಏಳು ನೈತಿಕ ಕಟ್ಟಳೆಗಳು ಬಂದವು. ನಮಾಜಿನ ಜಾಗಕ್ಕೆ ನಾಲಗೆಯ ಸತ್ಯ, ಜಕಾತಿನ ಜಾಗಕ್ಕೆ ಸಹಧರ್ಮಿಗಳ ರಕ್ಷಣೆ, ಜಿಹಾದಿನ ಜಾಗಕ್ಕೆ ದೇವರು ಇಟ್ಟಂತೆ ಇರುವ ತೃಪ್ತಿ. ಜೊತೆಗೆ ಹಿಂದಿನ ಮಿಥ್ಯಾರಾಧನೆಯ ತ್ಯಾಗ, ದುಷ್ಟಶಕ್ತಿಗಳಿಂದ ವಿಮುಖತೆ, ಏಕತ್ವದ ಅಂಗೀಕಾರ, ಕೊನೆಗೆ ಶರಣಾಗತಿ.

ಪಂಥದ ತತ್ವಕ್ಕೆ ಗ್ರೀಕ್ ನವ್ಯ-ಪ್ಲೇಟೋವಾದದ ಅಚ್ಚು ಎದ್ದು ಕಾಣುತ್ತದೆ. ವರ್ಣಿಸಲಾಗದ ಒಬ್ಬ ದೇವರಿಂದ ಮೊದಲು 'ಅಕ್ಲ್' ಅಂದರೆ ವಿಶ್ವಬುದ್ಧಿ ಹೊಮ್ಮುತ್ತದೆ, ನಂತರ ವಿಶ್ವಾತ್ಮ, ವಾಕ್ಕು, ಪೂರ್ವಗಾಮಿ, ಅನುಗಾಮಿ. ಈ ಐದು ತತ್ವಗಳು ಬರಿಯ ಕಲ್ಪನೆಗಳಲ್ಲ. ಪ್ರತಿಯೊಂದೂ ಆ ಕಾಲದಲ್ಲಿ ಒಬ್ಬೊಬ್ಬ ಮನುಷ್ಯನಾಗಿ ಬಂದಿತು ಎನ್ನುತ್ತಾರೆ ಡ್ರೂಜರು. ಅಕ್ಲ್ ಹಮ್ಜಾನೇ, ವಿಶ್ವಾತ್ಮ ಇಸ್ಮಾಯಿಲ್ ಅಲ್-ತಮೀಮಿ, ಐದನೆಯದು ಬಹಾಉದ್ದೀನ್ ಅಲ್-ಮುಕ್ತನಾ. ಡ್ರೂಜ್ ಬಾವುಟದ ಹಸಿರು, ಕೆಂಪು, ಹಳದಿ, ನೀಲಿ, ಬಿಳಿ ಬಣ್ಣಗಳು ಈ ಐವರದೇ. ಸುವೈದಾದ ಸುದ್ದಿಚಿತ್ರಗಳಲ್ಲಿ ಮನೆಮಾಳಿಗೆಯ ಮೇಲೆ ಹಾರುವ ಪಟ್ಟೆಪಟ್ಟೆ ಬಾವುಟವನ್ನು ರಾಜಕೀಯ ಪಕ್ಷದ್ದೆಂದು ತಿಳಿದವರಿದ್ದರೆ, ಅದು ಹನ್ನೊಂದನೆಯ ಶತಮಾನದ ತತ್ವಶಾಸ್ತ್ರದ ನಕ್ಷೆ.

1021ರ ಫೆಬ್ರವರಿಯ ಒಂದು ರಾತ್ರಿ ಹಾಕಿಮ್ ಮುಕತ್ತಂ ಗುಡ್ಡದ ಕಡೆ ಹೋದವನು ಮರಳಲಿಲ್ಲ. ಕತ್ತೆ ಸಿಕ್ಕಿತು, ಇರಿತದ ಗುರುತಿದ್ದ ಬಟ್ಟೆ ಸಿಕ್ಕಿತು, ದೇಹ ಸಿಗಲಿಲ್ಲ. ಇತಿಹಾಸಕಾರರು ಕೊಲೆಯೆನ್ನುತ್ತಾರೆ, ಅನುಯಾಯಿಗಳು ಮರೆಯಾದನೆನ್ನುತ್ತಾರೆ. ಹಮ್ಜಾನೂ ಅದೇ ವರ್ಷ ಅಜ್ಞಾತನಾದ. ಹೊಸ ಖಲೀಫ ಅಲ್-ಜಾಹಿರನ ಕಾಲದಲ್ಲಿ ಅನುಯಾಯಿಗಳನ್ನು ಬೇಟೆಯಾಡಲಾಯಿತು; ಈಜಿಪ್ಟಿನಲ್ಲಿ ಪಂಥದ ಹೆಸರು ಅಳಿಸಿಹೋಯಿತು. ಉಳಿದದ್ದು ಲೆಬನಾನ್ ಮತ್ತು ಸಿರಿಯಾದ ಬೆಟ್ಟಗಳಲ್ಲಿ. ಅಲ್ಲಿನವರನ್ನು ಪತ್ರಗಳ ಮೂಲಕ ಹಿಡಿದಿಟ್ಟವನು ಬಹಾಉದ್ದೀನ್. ಅವನ ಪತ್ರಗಳು ಬೈಜಾಂಟಿಯಮ್ ಚಕ್ರವರ್ತಿಗೂ ಹೋದವು, ನಮ್ಮ ಉಪಖಂಡಕ್ಕೂ ಬಂದವು. ಮುಲ್ತಾನಿನ ಇಸ್ಮಾಯಿಲಿಗಳನ್ನು ಮಹಮೂದ್ ಘಜ್ನಿ ಹೊಸಕಿಹಾಕಿ ಎರಡು ದಶಕ ಕಳೆದಿತ್ತು. ಸುಮಾರು 1032ರಲ್ಲಿ ಬಹಾಉದ್ದೀನ್ ಅಲ್ಲಿಯ ಇಬ್ನ್ ಸೂಮರ್ ರಾಜಬಲ್ ಎಂಬ ಮುಖಂಡನಿಗೆ ಹಿಂದಿನ ದಾರಿಗೆ ಮರಳುವಂತೆ ಬರೆದ ಪತ್ರ ಡ್ರೂಜ್ ಗ್ರಂಥದಲ್ಲಿ ಇಂದಿಗೂ ಸೇರಿದೆ. ಸಿಂಧಿನ ಸೂಮ್ರಾ ಅರಸುಮನೆತನದ ಚರಿತ್ರೆ ಬರೆಯುವವರು ಈ ಪತ್ರವನ್ನು ಬಿಟ್ಟು ಮುಂದೆ ಹೋಗುವಂತಿಲ್ಲ. ಅರಬ್ಬಿ ಗುಪ್ತಗ್ರಂಥವೊಂದರ ನಡುವೆ 'ರಾಜ' ಎಂಬ ನಮ್ಮ ಪದ ಕಣ್ಣಿಗೆ ಬೀಳುವುದು ಒಂದು ಚಿಕ್ಕ ಸೋಜಿಗ.

1043ರಲ್ಲಿ ಬಹಾಉದ್ದೀನ್ ಕರೆಯನ್ನು ಮುಗಿಸಿದ. ಅಂದಿನಿಂದ ಯಾರೂ ಹೊಸದಾಗಿ ಡ್ರೂಜರಾಗುವಂತಿಲ್ಲ, ಹುಟ್ಟಿದವರು ಹೊರಗೆ ಮದುವೆಯಾಗುವಂತಿಲ್ಲ. ಮೂವರು ಲೇಖಕರ 111 ಪತ್ರಗಳು ಮುಂದೆ ಆರು ಸಂಪುಟಗಳಾಗಿ 'ರಸಾಯಿಲ್ ಅಲ್-ಹಿಕ್ಮಾ', ಅಂದರೆ ಜ್ಞಾನಪತ್ರಗಳು ಎಂಬ ಹೆಸರಿನಲ್ಲಿ ಕೂಡಿಕೊಂಡವು. ಪಂಥ ಸೇರುವಾಗ ಒಬ್ಬೊಬ್ಬರೂ ತಮ್ಮ ಆತ್ಮ, ದೇಹ, ಆಸ್ತಿ, ಮಕ್ಕಳನ್ನೂ ಒಪ್ಪಿಸಿ ಕರಾರುಪತ್ರ ಬರೆದುಕೊಟ್ಟಿದ್ದರು. ಇಂದಿನ ಡ್ರೂಜರೆಲ್ಲ ಅಂದು ಸಹಿ ಹಾಕಿದ ಆತ್ಮಗಳೇ ಬೇರೆ ಬೇರೆ ದೇಹದಲ್ಲಿ ಮರಳಿ ಬಂದವರು ಎಂಬುದು ನಂಬಿಕೆ. ಆದ್ದರಿಂದ ಮತಾಂತರದ ಬಾಗಿಲು ಮುಚ್ಚಿರುವುದು ಅವರಿಗೆ ತರ್ಕಬದ್ಧವಾಗಿಯೇ ಕಾಣುತ್ತದೆ: ಸಹಿ ಮುಗಿದ ದಾಖಲೆಯಲ್ಲಿ ಹೊಸ ಹೆಸರು ಸೇರಿಸುವುದು ಹೇಗೆ?

ಮರುಹುಟ್ಟಿನ ಈ ತತ್ವವನ್ನು ಅವರು 'ತಕಮ್ಮುಸ್' ಎನ್ನುತ್ತಾರೆ, ಕಮೀಸನ್ನು ಬದಲಿಸುವುದು ಎಂದರ್ಥ. ಸಲ್ವಾರ್-ಕಮೀಜಿನ ಕಮೀಜೂ ಇದೇ ಪದ. ಹಳೆಯ ಬಟ್ಟೆ ಬಿಟ್ಟು ಹೊಸತನ್ನು ಉಡುವ ಗೀತೆಯ ಶ್ಲೋಕ ನಮಗೆ ಥಟ್ಟನೆ ನೆನಪಾಗುತ್ತದೆ. ಅಷ್ಟರಿಂದಲೇ ಇದು ಭಾರತದಿಂದ ಹೋದದ್ದೆಂದು ಸಾರುವ ಬರಹಗಳಿಗೂ ಕೊರತೆಯಿಲ್ಲ. ಹೋಲಿಕೆ ಉಪಮೆಯಲ್ಲಿದೆ, ತತ್ವದಲ್ಲಿಲ್ಲ. ಡ್ರೂಜರಲ್ಲಿ ಮನುಷ್ಯ ಮನುಷ್ಯನಾಗಿಯೇ ಹುಟ್ಟುತ್ತಾನೆ, ಪಶುಪಕ್ಷಿಯಾಗಿ ಅಲ್ಲ. ಪ್ರಾಣ ಹೋದ ಕ್ಷಣದಲ್ಲೇ ಇನ್ನೊಂದು ಕೂಸಿನ ದೇಹಕ್ಕೆ ಸೇರುತ್ತದೆ, ನಡುವೆ ಬಿಡುವಿಲ್ಲ. ಒಟ್ಟು ಆತ್ಮಗಳ ಸಂಖ್ಯೆ ಹೆಚ್ಚುವುದೂ ಇಲ್ಲ, ಕಡಿಮೆಯಾಗುವುದೂ ಇಲ್ಲ. ಬಡತನ, ಸಿರಿತನ, ರೋಗ, ಅಧಿಕಾರ ಎಲ್ಲವನ್ನೂ ಕಂಡ ಆತ್ಮವನ್ನೇ ಕೊನೆಯ ದಿನ ನ್ಯಾಯಕ್ಕೆ ನಿಲ್ಲಿಸುವುದು ಸರಿ, ಒಂದೇ ಜನ್ಮದ ಪರೀಕ್ಷೆ ಅನ್ಯಾಯ ಎನ್ನುವುದು ಇದರ ಹಿಂದಿನ ವಾದ. ಪುಟ್ಟ ಮಕ್ಕಳು ಹಿಂದಿನ ಜನ್ಮದ ಮನೆ, ಹೆಂಡತಿ, ಸತ್ತ ಬಗೆಯನ್ನು ಹೇಳುವುದಕ್ಕೆ 'ನುತ್ಕ್' ಎಂದು ಹೆಸರು. ಗೋಲನ್ ಮತ್ತು ಸುವೈದಾದ ಹಳ್ಳಿಗಳಲ್ಲಿ ಹೀಗೆ ಮಾತಾಡಿದ ಮಗುವನ್ನು 'ಹಿಂದಿನ' ಮನೆಯವರು ಬಂದು ನೋಡುತ್ತಾರೆ, ಎರಡು ಸಂಸಾರಗಳು ನೆಂಟರಂತೆ ಹೋಗಿಬಂದು ಮಾಡುತ್ತವೆ. ಆದರೆ ಆಸ್ತಿಯ ವಿಷಯಕ್ಕೆ ಬಂದರೆ ಸಮುದಾಯ ಬಹಳ ಎಚ್ಚರ. ಹಿಂದಿನ ಜನ್ಮದ ಹೊಲದಲ್ಲಿ ಈ ಜನ್ಮದ ಕೂಸಿಗೆ ಒಂದು ಗುಂಟೆಯೂ ಇಲ್ಲ.

ತತ್ವದ ಬಾಗಿಲು ಹೊರಗಿನವರಿಗಷ್ಟೇ ಮುಚ್ಚಿದ್ದಲ್ಲ. ಸಮುದಾಯದೊಳಗೇ ಇಬ್ಭಾಗವಿದೆ: ದೀಕ್ಷೆ ಪಡೆದ 'ಉಕ್ಕಾಲ್' ಅಂದರೆ ಬಲ್ಲವರು, ಮತ್ತು ಪಡೆಯದ 'ಜುಹ್ಹಾಲ್' ಅಂದರೆ ಅರಿಯದವರು. ಬಹುಪಾಲು ಜನ ಎರಡನೆಯ ಗುಂಪಿನವರೇ. ಗುರುವಾರ ಸಂಜೆ ಕೂಟ ಸೇರುವ 'ಖಲ್ವಾ' ಒಂದು ಸರಳವಾದ ಕೋಣೆ. ಮಿನಾರು, ಕಂಬ, ಚಿತ್ರ ಯಾವುದೂ ಇರುವುದಿಲ್ಲ. ಚಾಪೆಯ ಮೇಲೆ ಕುಳಿತ ಗಂಡಸರಿಗೂ ಹೆಂಗಸರಿಗೂ ನಡುವೆ ಒಂದು ಪರದೆ. ಮೊದಲ ಹೊತ್ತಿನಲ್ಲಿ ಊರಿನ ವಿಚಾರ, ನೀತಿಯ ಮಾತು. ಆಗ ದೀಕ್ಷೆಯಿಲ್ಲದವರೂ ಕುಳಿತಿರಬಹುದು. ಗ್ರಂಥ ತೆರೆಯುವ ಹೊತ್ತಿಗೆ ಅವರು ಎದ್ದು ಹೋಗುತ್ತಾರೆ. ಹೆಂಗಸರು ದೀಕ್ಷೆ ಪಡೆಯಬಹುದು, ಗ್ರಂಥ ಓದಬಹುದು. ವ್ಯಂಗ್ಯವೆಂದರೆ, ಊರಿನ ಜುಹ್ಹಾಲ್ ಕಣ್ಣೆತ್ತಿ ನೋಡದ ಈ ಪತ್ರಗಳ ಒಂದು ಪ್ರತಿ 1700ರಲ್ಲೇ ಫ್ರಾನ್ಸಿನ ದೊರೆ 14ನೇ ಲೂಯಿಗೆ ಕಾಣಿಕೆಯಾಗಿ ಹೋಗಿತ್ತು, 1838ರಲ್ಲಿ ಸಿಲ್ವೆಸ್ತ್ರ್ ದ ಸಾಸಿ ಎಂಬ ಫ್ರೆಂಚ್ ವಿದ್ವಾಂಸ ಅವುಗಳ ಆಧಾರದ ಮೇಲೆ ಎರಡು ಸಂಪುಟಗಳ ಗ್ರಂಥವನ್ನೇ ಹೊರತಂದ.

ಇನ್ನು ಕಾನೂನಿಗೆ ಬರೋಣ. ಶರೀಯತ್ತನ್ನು ರದ್ದುಮಾಡಿದ ಹಮ್ಜಾ ಅದರ ಜಾಗಕ್ಕೆ ಇನ್ನೊಂದು ಶರೀಯತ್ತನ್ನು ಕೊಡಲಿಲ್ಲ. 111 ಪತ್ರಗಳಲ್ಲಿ ಬಹುಪಾಲು ತತ್ವ, ವಾಗ್ವಾದ, ಎಚ್ಚರಿಕೆ. ಕೊನೆಯ ದಿನ ಹತ್ತಿರದಲ್ಲೇ ಇದೆಯೆಂದು ನಂಬಿದವರಿಗೆ ಆಸ್ತಿ ವಿಭಜನೆಯ ವಿವರ ಬೇಕೆನಿಸಲಿಲ್ಲವೇನೋ. ಆದರೆ ಒಂದು ಪತ್ರ ಮಾತ್ರ ನೇರವಾಗಿ ಸಂಸಾರಕ್ಕೆ ಕೈಹಾಕುತ್ತದೆ. ಮದುವೆಗೆ ಇಮಾಮ್ ವಿಧಿಸಿದ ಷರತ್ತು ಅದರ ವಿಷಯ. ಸಹಧರ್ಮಿಣಿಯನ್ನು ಮದುವೆಯಾದವನು ಆಕೆಯನ್ನು ತನಗೆ ಸರಿಸಮವಾಗಿ ಕಾಣಬೇಕು, ತನ್ನಲ್ಲಿರುವ ಎಲ್ಲದರಲ್ಲೂ ಆಕೆಗೆ ನ್ಯಾಯ ಸಲ್ಲಿಸಬೇಕು ಎನ್ನುತ್ತದೆ ಆ ಪತ್ರ. ಬೇರೆಯಾಗಬೇಕಾಗಿ ಬಂದರೆ ತಪ್ಪು ಯಾರದೆಂದು ನೋಡಬೇಕು: ಗಂಡನ ತಪ್ಪಿಲ್ಲದೆ ಹೆಂಡತಿ ಬಿಟ್ಟುಹೋದರೆ ಆಕೆಯ ಸ್ವತ್ತಿನ ಅರ್ಧ ಅವನಿಗೆ, ಹೆಂಡತಿಯ ತಪ್ಪಿಲ್ಲದೆ ಗಂಡ ಬಿಟ್ಟರೆ ಅವನ ಸ್ವತ್ತಿನ ಅರ್ಧ ಆಕೆಗೆ. 11ನೇ ಶತಮಾನದಲ್ಲಿ ಬರೆದದ್ದು ಇದು. ಒಂದೇ ಹೆಂಡತಿಯ ಕಟ್ಟಳೆಗೂ ಇದೇ ಬೇರು: ಇಬ್ಬರಿಗೆ ಅರ್ಧ ಅರ್ಧ ಕೊಟ್ಟು, ತಾನೂ ಸಮನಾಗಿ ಉಳಿಯುವ ಲೆಕ್ಕ ಕೂಡಿಬರುವುದಿಲ್ಲ.

ಇಷ್ಟು ಬಿಟ್ಟರೆ ಉಳಿದದ್ದು ಖಾಲಿ. ಆ ಖಾಲಿ ಜಾಗವನ್ನು ತುಂಬಿದ ಮೊದಲ ದೊಡ್ಡ ಹೆಸರು ಅಮೀರ್ ಅಲ್-ಸಯ್ಯಿದ್ ಜಮಾಲುದ್ದೀನ್ ಅಬ್ದುಲ್ಲಾ ಅಲ್-ತನೂಖಿ. 1417ರಲ್ಲಿ ಹುಟ್ಟಿ 1479ರಲ್ಲಿ ತೀರಿಕೊಂಡ ಈತ ಲೆಬನಾನಿನ ಅಬೈಹ್ ಊರಿನ ಪಾಳೆಯಗಾರ ಮನೆತನದವನು. ಮಮ್ಲೂಕರ ಸುನ್ನಿ ಆಡಳಿತದ ಕಾಲವದು. ಡ್ರೂಜರು ಅಪ್ಪಟ ಕಾಫಿರರೆಂದು ಒಂದೂವರೆ ಶತಮಾನದ ಹಿಂದೆಯೇ ಸುನ್ನಿ ವಿದ್ವಾಂಸ ಇಬ್ನ್ ತೈಮಿಯ್ಯಾ ಕೊಟ್ಟಿದ್ದ ಫತ್ವಾ ತೂಗುಗತ್ತಿಯಂತಿತ್ತು. ಆ ಫತ್ವಾ ಇಂದಿನ ಉಗ್ರರ ಬಾಯಲ್ಲೂ ಇದೆ. ತನೂಖಿ ಕುರಾನ್ ವಿದ್ಯೆಯನ್ನೂ ಸುನ್ನಿ ನ್ಯಾಯಶಾಸ್ತ್ರವನ್ನೂ ಚೆನ್ನಾಗಿ ಬಲ್ಲವನಾಗಿದ್ದ. ಜ್ಞಾನಪತ್ರಗಳಿಗೆ ಅವನು ಬರೆದ ವ್ಯಾಖ್ಯಾನ ಈಗಲೂ ಉಕ್ಕಾಲರಿಗೆ ಪ್ರಮಾಣ. ಮದುವೆ, ವಿಚ್ಛೇದನ, ಉಯಿಲು, ಬಡ್ಡಿ, ದೀಕ್ಷಿತರ ನಡವಳಿಕೆ, ಇವೆಲ್ಲಕ್ಕೂ ಅವನ ಕಾಲದಲ್ಲಿ ಒಂದು ಶಿಸ್ತು ಬಂತು. ಮಗನ ಮದುವೆಯ ದಿನವೇ ಮಗ ಸತ್ತಾಗ, ಬಂದ ಬೀಗರಿಗೆ ಊಟ ಬಡಿಸಿ, ದೇವರು ಕೊಟ್ಟದ್ದನ್ನು ದೇವರು ತೆಗೆದುಕೊಂಡ ಎಂದು ಸಮಾಧಾನ ಹೇಳಿದ ಕಥೆಯನ್ನು ಡ್ರೂಜರು ಇಂದಿಗೂ ಹೇಳುತ್ತಾರೆ. ಏಳು ಕಟ್ಟಳೆಗಳಲ್ಲಿ ಆರನೆಯದಾದ ತೃಪ್ತಿ ಎಂದರೇನೆಂದು ಕೇಳಿದರೆ ಅವರು ಕೊಡುವ ವ್ಯಾಖ್ಯಾನ ಆ ಕಥೆಯೇ.

ಒಟ್ಟೊಮನ್ ಕಾಲದಲ್ಲಿ ಹೊರಗಿನ ಲೆಕ್ಕಕ್ಕೆ ಡ್ರೂಜರು ಮುಸ್ಲಿಮರು, ಹನಫಿ ಖಾಜಿಗಳ ವ್ಯಾಪ್ತಿಯವರು. ಬೆಟ್ಟದ ಮೇಲೆ ಅವರದೇ ಪದ್ಧತಿ. ಅಪಾಯ ಬಂದಾಗ ನೆರೆಹೊರೆಯವರಂತೆ ತೋರಿಸಿಕೊಂಡು ಒಳನಂಬಿಕೆಯನ್ನು ಮುಚ್ಚಿಡುವುದನ್ನು ಅವರ ಧರ್ಮ ತಪ್ಪೆನ್ನುವುದಿಲ್ಲ. ಮುಚ್ಚಿಡುವ ಈ ಅಭ್ಯಾಸ ಜೀವ ಉಳಿಸಿತು, ಆದರೆ ಕಾನೂನಿನ ಮೇಲೆ ಅದರ ಗುರುತೂ ಉಳಿಯಿತು. 1948ರ ಫೆಬ್ರವರಿ 24ರಂದು ಲೆಬನಾನ್ ಸಂಸತ್ತು ಡ್ರೂಜ್ ವೈಯಕ್ತಿಕ ಕಾನೂನನ್ನು ಅಂಗೀಕರಿಸಿದಾಗ ಮೊತ್ತಮೊದಲ ಬಾರಿಗೆ ಎಲ್ಲವೂ ಕಲಮುಗಳಾಗಿ ಅಚ್ಚಾದವು. ಬಹುಪತ್ನಿತ್ವ ನಿಷೇಧ ಹತ್ತನೆಯ ಕಲಂ. ಬಿಟ್ಟ ಹೆಂಡತಿಯನ್ನು ಮತ್ತೆ ಮದುವೆಯಾಗಬಾರದೆಂಬುದು ಹನ್ನೊಂದನೆಯದು. ಆದರೆ ಕೊನೆಯ ಭಾಗದ 171ನೇ ಕಲಂ ಹೇಳುವುದೇನು? ಈ ಕಾನೂನಿನಲ್ಲಿ ಇಲ್ಲದ ವಿಷಯಗಳಿಗೆ ನ್ಯಾಯಾಧೀಶ ಹನಫಿ ಶಾಸ್ತ್ರವನ್ನು ಅನುಸರಿಸಬೇಕು ಎಂದು. ಹಮ್ಜಾ ಒಡೆದು ಬಿಸಾಡಿದ್ದ ಕಂಬಗಳ ನಡುವಿನಿಂದಲೇ ಅವನ ಅನುಯಾಯಿಗಳ ಮನೆಗೆ ತೊಲೆಗಳು ಬಂದವು.

ಇದರ ಪರಿಣಾಮ ಎಲ್ಲಿ ತಟ್ಟುತ್ತದೆಂದರೆ ಹೆಣ್ಣುಮಕ್ಕಳ ಆಸ್ತಿಯಲ್ಲಿ. ಉಯಿಲು ಬರೆಯದೆ ಸತ್ತರೆ ಹನಫಿ ಲೆಕ್ಕ, ಮಗನ ಅರ್ಧ ಮಗಳಿಗೆ. ಉಯಿಲು ಬರೆದರೆ ಅದಕ್ಕೆ ಮೇರೆಯೇ ಇಲ್ಲ. ಸುನ್ನಿ ಶಾಸ್ತ್ರದಲ್ಲಿ ಆಸ್ತಿಯ ಮೂರನೆಯ ಒಂದು ಪಾಲಿಗಷ್ಟೇ, ಅದೂ ವಾರಸುದಾರನಲ್ಲದವನಿಗೆ ಉಯಿಲು ಸಾಧ್ಯ. ಡ್ರೂಜ್ ಯಜಮಾನ ಇಡೀ ಆಸ್ತಿಯನ್ನು ಬೇಕಾದವರಿಗೆ ಬರೆಯಬಹುದು. ತಾತ್ವಿಕವಾಗಿ ಈ ಸ್ವಾತಂತ್ರ್ಯದಿಂದ ಮಗಳಿಗೆ ಸರಿಪಾಲನ್ನೋ ಪೂರ್ತಿಯನ್ನೋ ಕೊಡಬಹುದಿತ್ತು, ಕೊಟ್ಟವರೂ ಇದ್ದಾರೆ. ಆದರೆ ಹಳ್ಳಿಯ ರೂಢಿಯಲ್ಲಿ ಮನೆ, ಹೊಲ, ಆಲಿವ್ ತೋಟ ಗಂಡುಮಕ್ಕಳ ಹೆಸರಿಗೆ ಹೋಗಿ, ಮದುವೆಯಾಗದ ಅಥವಾ ವಿಧವೆಯಾಗಿ ಮರಳಿದ ಮಗಳಿಗೆ ತವರಿನ ಒಂದು ಕೋಣೆಯಲ್ಲಿ ಇರುವ ಹಕ್ಕಷ್ಟೇ ಉಯಿಲಿನಲ್ಲಿ ಉಳಿಯುವುದು ಸಾಮಾನ್ಯ. ನಮ್ಮ ಕಡೆ ಅರಿಸಿನ-ಕುಂಕುಮಕ್ಕೆಂದು ಏನೋ ಬರೆದುಕೊಟ್ಟು ಮಗಳಿಂದ ಹಕ್ಕುಬಿಡುಗಡೆ ಪತ್ರಕ್ಕೆ ಸಹಿ ಹಾಕಿಸಿಕೊಳ್ಳುವುದನ್ನು ಕಂಡವರಿಗೆ ಇದೇನೂ ವಿದೇಶಿ ವ್ಯವಹಾರವೆನಿಸದು. ಹಾಗೆಯೇ, ತಪ್ಪಿಲ್ಲದ ಹೆಂಡತಿಗೆ ಅರ್ಧ ಆಸ್ತಿ ಎಂಬ ಹಮ್ಜಾನ ನಿಯಮ ಸಂಹಿತೆಗೆ ಬರುವಾಗ ಮಹರ್ (ಮದುವೆಯಲ್ಲಿ ಗಂಡ ಹೆಂಡತಿಗೆ ಕೊಡುವ ಧನ) ಮತ್ತು ಪರಿಹಾರದ ಮೊತ್ತವಾಗಿ ಕುಗ್ಗಿತು. ಸಿರಿಯಾದ 307ನೇ ಕಲಮಿನಲ್ಲಂತೂ ವಧು ಕನ್ಯೆಯಲ್ಲವೆಂದು ಮದುವೆಯ ನಂತರ ತಿಳಿದರೆ ಮಹರಿನಲ್ಲಿ ಎಷ್ಟು ವಾಪಸು ಕೇಳಬಹುದು ಎಂಬುದಕ್ಕೂ ಒಂದು ಉಪಕಲಂ ಇದೆ. ಅದರಲ್ಲಿ ಕೇಳುವುದು ಊರಿನ ಪಂಚರ ದನಿ. ಮದುವೆಯ ಪತ್ರ ಬರೆದವನ ದನಿ ಅದಲ್ಲ.

ಮರಳಿ ಕೂಡಬಾರದೆಂಬ ಕಟ್ಟಳೆಯ ಬಗ್ಗೆ ಒಂದು ಮಾತು. ಸುನ್ನಿ ಪದ್ಧತಿಯಲ್ಲಿ ಸಿಟ್ಟಿನಲ್ಲಿ ತಲಾಕ್ ಎಂದವನು ಇದ್ದತ್ತು ಎಂಬ ಕಾಯುವ ಅವಧಿಯೊಳಗೆ ಮನಸ್ಸು ಬದಲಿಸಬಹುದು. ಡ್ರೂಜರಲ್ಲಿ ಆ ಕಿಟಕಿಯೇ ಇಲ್ಲ, ತೀರ್ಪಾಯಿತೆಂದರೆ ಮುಗಿಯಿತು. ಹೆಂಡತಿಯನ್ನು ಬಿಡುವೆನೆಂದು ಹೆದರಿಸುವ ಆಟ ಇಲ್ಲಿ ನಡೆಯದಂತೆ ಇದು ತಡೆಯುತ್ತದೆ ಎಂದು ಸಮುದಾಯದ ಸಮರ್ಥನೆ, ಅದರಲ್ಲಿ ಸತ್ಯವಿದೆ. ಪಶ್ಚಾತ್ತಾಪಪಟ್ಟ ದಂಪತಿಗೂ ಅದೇ ಬಾಗಿಲು ಮುಚ್ಚಿರುತ್ತದೆ ಎಂಬುದೂ ಅಷ್ಟೇ ಸತ್ಯ.

ಗಡಿಯ ಆಚೆ ಇಸ್ರೇಲಿನಲ್ಲಿ ಇದೇ ಕಾನೂನು ಬೇರೊಂದು ರಾಜಕೀಯದ ಕೈಗೆ ಸಿಕ್ಕಿತು. ಬ್ರಿಟಿಷ್ ಆಡಳಿತ ಪ್ಯಾಲೆಸ್ಟೈನಿನಲ್ಲಿ ಡ್ರೂಜರನ್ನು ಪ್ರತ್ಯೇಕ ಧಾರ್ಮಿಕ ಸಮುದಾಯವೆಂದು ಮಾನ್ಯ ಮಾಡಿರಲಿಲ್ಲ. ಇಸ್ರೇಲ್ 1956ರಲ್ಲಿ ಡ್ರೂಜ್ ಗಂಡಸರಿಗೆ ಸೇನಾಸೇವೆ ಕಡ್ಡಾಯ ಮಾಡಿ, 1957ರಲ್ಲಿ ಸಮುದಾಯಕ್ಕೆ ಮಾನ್ಯತೆ ಕೊಟ್ಟಿತು. ಶೇಖ್ ಅಮೀನ್ ತರೀಫ್ ನೇತೃತ್ವದ ಧಾರ್ಮಿಕ ಮಂಡಲಿ 1961ರಲ್ಲಿ ಲೆಬನಾನಿನ 1948ರ ಕಾನೂನನ್ನೇ ಹೆಚ್ಚೂಕಡಿಮೆ ಇದ್ದಂತೆ ಸ್ವೀಕರಿಸಿತು, 1962ರ ಶಾಸನ ಡ್ರೂಜ್ ಧಾರ್ಮಿಕ ನ್ಯಾಯಾಲಯಗಳನ್ನು ಸ್ಥಾಪಿಸಿತು. ಶತ್ರುದೇಶದ ಸಂಸತ್ತು ಒಪ್ಪಿದ ಸಂಹಿತೆ ಇನ್ನೊಂದು ದೇಶದ ನ್ಯಾಯಾಲಯದಲ್ಲಿ ಚಲಾವಣೆಗೆ ಬಂದ ಅಪರೂಪದ ಉದಾಹರಣೆ ಇದು. ಮುಸ್ಲಿಮರಿಂದ ಡ್ರೂಜರನ್ನು ಬೇರ್ಪಡಿಸುವುದು ಇಸ್ರೇಲಿಗೆ ಅನುಕೂಲವಾಗಿತ್ತು ಎಂಬ ಟೀಕೆ ಸುಳ್ಳಲ್ಲ. ಸ್ವಂತ ನ್ಯಾಯಾಲಯ ಸಮುದಾಯದ ಹಳೆಯ ಬೇಡಿಕೆಯಾಗಿತ್ತೆಂಬುದೂ ಸುಳ್ಳಲ್ಲ. ಆದರೆ ಆ ಮಾನ್ಯತೆಯ ಬೆಲೆ ಎಷ್ಟೆಂಬ ಪ್ರಶ್ನೆಯನ್ನು ಇಸ್ರೇಲನ್ನು ಯೆಹೂದಿಗಳ ರಾಷ್ಟ್ರವೆಂದು ಸಾರಿದ 2018ರ ರಾಷ್ಟ್ರ-ರಾಜ್ಯ ಕಾನೂನಿನ ವಿರುದ್ಧ ಟೆಲ್ ಅವೀವಿನ ಚೌಕದಲ್ಲಿ ಐದು ಬಣ್ಣದ ಬಾವುಟ ಹಿಡಿದು ನಿಂತ ಸಾವಿರಾರು ಡ್ರೂಜರು ತಾವೇ ಕೇಳಿದರು. 1967ರಲ್ಲಿ ಇಸ್ರೇಲ್ ವಶಪಡಿಸಿಕೊಂಡ ಗೋಲನ್‌ನ ಡ್ರೂಜರಾದರೋ ಬಹುಪಾಲು ಆ ದೇಶದ ಪೌರತ್ವವನ್ನೇ ದಶಕಗಳ ಕಾಲ ನಿರಾಕರಿಸಿದರು. ಒಂದೇ ಗ್ರಂಥ, ಒಂದೇ ಮದುವೆ ಕಾನೂನು, ಮೂರು ದೇಶನಿಷ್ಠೆ. ಏಳು ಕಟ್ಟಳೆಗಳಲ್ಲಿ ಎರಡನೆಯದಾದ ಸಹಧರ್ಮಿ ರಕ್ಷಣೆ ಗಡಿಗಳನ್ನು ದಾಟಿ ಕರೆಯುವುದು ಇಂಥ ಹೊತ್ತಿನಲ್ಲೇ. 2025ರ ಜುಲೈಯಲ್ಲಿ ಸುವೈದಾ ಹೊತ್ತಿ ಉರಿದಾಗ ಗೋಲನ್ ಬೇಲಿಯನ್ನು ದಾಟಿ ಸಿರಿಯಾದೊಳಕ್ಕೆ ನುಗ್ಗಿದ ನೂರಾರು ಜನರ ಚಿತ್ರಗಳನ್ನು ನಾವೆಲ್ಲ ನೋಡಿದ್ದೇವೆ.

ಸಿರಿಯಾದಲ್ಲೀಗ ಮಾತಾಡುವವರು ಯಾರು ಎಂಬುದೇ ತೊಡಕು. ಸುವೈದಾದಲ್ಲಿ 'ಶೇಖ್ ಅಲ್-ಅಕ್ಲ್' ಎಂಬ ಪದವಿಯವರು ಮೂವರು: ಹಿಕ್ಮತ್ ಅಲ್-ಹಿಜ್ರಿ, ಯೂಸುಫ್ ಜರ್ಬೂ, ಹಮ್ಮೂದ್ ಅಲ್-ಹಿನ್ನಾವಿ. ಈ ಪದವಿ ಮನೆತನಗಳಲ್ಲಿ ಹರಿದು ಬಂದದ್ದು, ಆಡಳಿತಗಾರರೊಡನೆ ವ್ಯವಹರಿಸಲು ಬೆಳೆದದ್ದು. ಪೋಪನಂತೆ ತತ್ವವನ್ನು ಘೋಷಿಸುವ ಅಧಿಕಾರ ಅದಕ್ಕಿಲ್ಲ. ಊರಿನ ತಪಸ್ವಿ ಶೇಖನೊಬ್ಬನಿಗೆ ಇರುವ ಧಾರ್ಮಿಕ ಗೌರವ ಇವರಿಗಿಂತ ಹೆಚ್ಚಿರಬಹುದು. ಮೊದಮೊದಲು ಡಮಾಸ್ಕಸ್ ಜೊತೆ ಮಾತುಕತೆಯ ಪರವಾಗಿದ್ದ ಇನ್ನಿಬ್ಬರ ನಡುವೆ ಹಿಜ್ರಿ ಕಟುವಾಗಿ ವಿರೋಧಿಸುತ್ತಾ ಬಂದರು, ಜುಲೈಯ ನಂತರ ಪ್ರತ್ಯೇಕ ಆಡಳಿತದ ಬೇಡಿಕೆಯನ್ನೇ ಮುಂದಿಟ್ಟರು. ಲೆಬನಾನಿನಿಂದ ಅಲ್ಲಿಯ ಡ್ರೂಜ್ ರಾಜಕೀಯ ನಾಯಕ ವಲೀದ್ ಜುಂಬ್ಲಾತ್, ಒಡೆಯುವ ಮಾತು ಬೇಡ ಎಂದರು. ಸುಲ್ತಾನ್ ಅಲ್-ಅತ್ರಶ್ 1925ರಲ್ಲಿ ಫ್ರೆಂಚರ ವಿರುದ್ಧ ಇದೇ ಬೆಟ್ಟದಿಂದ ದಂಗೆಯೆದ್ದಾಗ ಕೂಗಿದ್ದು 'ಧರ್ಮ ದೇವರದು, ನಾಡು ಎಲ್ಲರದು' ಎಂದು. ಜುಲೈಯ ಒಂದು ವಿಡಿಯೊದಲ್ಲಿ, ಬಂದೂಕು ಹಿಡಿದವನು ವಯಸ್ಸಾದ ಒಬ್ಬರನ್ನು ನೀನು ಮುಸ್ಲಿಮನೋ ಡ್ರೂಜನೋ ಎಂದು ಕೇಳುತ್ತಾನೆ. ಅವರು ನಾನು ಸಿರಿಯನ್ ಎನ್ನುತ್ತಾರೆ. ಆ ಉತ್ತರ ಸಾಲದೆ ಹೋಯಿತು.

ಶಾಂತಿ ನೆಲೆಸಿದ ಒಂದು ದಿನ ಸಿರಿಯಾ ತನ್ನ ವೈಯಕ್ತಿಕ ಕಾನೂನನ್ನು ಮತ್ತೆ ಬರೆಯಲೇಬೇಕಾಗುತ್ತದೆ. ಲೆಬನಾನಿನವರು 2017ರಲ್ಲಿ ತಮ್ಮ ಡ್ರೂಜ್ ಕಾನೂನಿಗೆ ತಿದ್ದುಪಡಿ ತಂದು, ತಾಯಿಯ ಸುಪರ್ದಿಯಲ್ಲಿ ಗಂಡುಮಕ್ಕಳು 12, ಹೆಣ್ಣುಮಕ್ಕಳು 14 ವರ್ಷದವರೆಗೆ ಇರುವಂತೆ ಮಾಡಿದರು, ಬದಲಾವಣೆ ಅಸಾಧ್ಯವೇನಲ್ಲ. ಆಗ 307ನೇ ಕಲಂ ಹಾಗೇ ಉಳಿಯಬಹುದು, ಪೂರ್ಣ ಸಂಹಿತೆಯಾಗಿ ಬೆಳೆಯಬಹುದು, ಅಥವಾ ಇಸ್ಲಾಮಿಕ್ ಶಾಸ್ತ್ರಕ್ಕೆ ವಿರುದ್ಧವೆಂದು ಇನ್ನಷ್ಟು ಸವೆಯಬಹುದು. ಬೆಳೆಸುವುದೆಂದಾದರೆ ಕರಡು ಬರೆಯುವ ಮೇಜಿನ ಸುತ್ತ ಸುವೈದಾದ ವಕೀಲರೂ ವಕೀಲೆಯರೂ ಕುಳಿತಿರುತ್ತಾರೆ. ಅವರಲ್ಲಿ ದೀಕ್ಷೆ ಪಡೆಯದವರೇ ಹೆಚ್ಚಿರುವ ಸಂಭವ. ತಪ್ಪಿಲ್ಲದ ಹೆಂಡತಿಗೆ ಅರ್ಧ ಆಸ್ತಿಯೆಂದು ಹೇಳುವ ಆ ಪತ್ರವನ್ನು ಅವರಲ್ಲೊಬ್ಬಳು ಆಧಾರವಾಗಿ ತೋರಿಸಬೇಕೆಂದರೆ, ಮೊದಲು ಅದನ್ನು ಓದಲು ಒಬ್ಬ ಶೇಖನ ಅನುಮತಿ ಕೇಳಬೇಕು.